ಬೆಳೆ ಕಾಯುವ ಕೋವಿ: ಕೊಳ್ಳುವ ಮುನ್ನ ನೋಡತಕ್ಕದ್ದು

ರಾಗಿ ತೆನೆ ಬಲಿಯುವ ದಿನ ಬಂತೆಂದರೆ ಮತ್ತಿಗಿರಿ, ತಳಿ, ಡೆಂಕಣಿಕೋಟೆಗಳ ಕಡೆಯ ರೈತನಿಗೆ ರಾತ್ರಿ ನಿದ್ದೆಯಿಲ್ಲ. ಹಂದಿಯ ಹಿಂಡು ಒಂದು ಸಲ ನುಗ್ಗಿದರೆ ತಿಂಗಳುಗಳ ದುಡಿಮೆ ಮಣ್ಣುಪಾಲು. ಆಗ ಹಲವರಿಗೆ ಕೋವಿಯ ಯೋಚನೆ ಬರುತ್ತದೆ.

ಎತ್ತು ಕೊಳ್ಳುವಾಗ ಹಲ್ಲು ಎಣಿಸಿ, ಸುಳಿ ನೋಡಿ, ನೊಗ ಹೂಡಿ ನಡೆಸಿ ನೋಡುವ ನಮ್ಮವರು ಕೋವಿಯ ವಿಷಯದಲ್ಲಿ ಮಾತ್ರ ಮಾರುವವನ ಬಾಯಿಮಾತನ್ನೇ ನಂಬುತ್ತಾರೆ. ತನ್ನ ಮಜ್ಜಿಗೆ ಹುಳಿಯೆಂದು ಯಾರು ತಾನೆ ಹೇಳಿಯಾರು? ಅಮೆರಿಕದಲ್ಲಿ ‘ಗನ್ ಟೆಸ್ಟ್ಸ್’ ಎಂಬ ಪತ್ರಿಕೆ ಇದಕ್ಕೆಂದೇ ಉಂಟು. ತಯಾರಕರ ಜಾಹೀರಾತು ಪಡೆಯದೆ, ಒಂದೇ ಬಗೆಯ ಕೋವಿಗಳನ್ನು ಹೋಲಿಸಿ, ಹೊಡೆದು ನೋಡಿ, ಇದು ಆದೀತು, ಇದು ಬೇಡ ಎಂದು ಬರೆಯುತ್ತದೆ. ಅಂಥ ನಿಷ್ಪಕ್ಷಪಾತ ಪರೀಕ್ಷಕರು ನಮ್ಮ ಹಳ್ಳಿಗೆ ಬರುವವರೆಗೆ ನಮ್ಮ ಕಣ್ಣೇ ನಮಗೆ ಆಧಾರ.

ಕೋವಿಯಿಂದ ಯಾವ ಕೆಲಸ ಆಗಬೇಕೆಂಬುದನ್ನು ಮೊದಲು ನಿಶ್ಚಯಿಸಬೇಕು. 1972ರ ವನ್ಯಜೀವಿ ಕಾಯಿದೆಯಂತೆ ಆನೆಗೆ ಗುರಿಯಿಡುವ ಮಾತೇ ಇಲ್ಲ; ಅಪ್ಪಣೆಯಿಲ್ಲದೆ ಹಂದಿಯನ್ನೂ ಹೊಡೆಯಲಾಗದು. ಕಾಡಿನಂಚಿನಿಂದ 3 ಕಿಲೋಮೀಟರಿಗೂ ಆಚೆ ಬಂದ ಹಂದಿಯನ್ನು ಅರಣ್ಯ ಇಲಾಖೆಯವರೇ ಹೊಡೆಯುವರೆಂದು ತಮಿಳುನಾಡು ಸರ್ಕಾರ 2025ರಲ್ಲಿ ಪ್ರಕಟಿಸಿತು. ಆದುದರಿಂದ ರೈತನ ಕೋವಿಗೆ ಉಳಿದದ್ದು ಬಹುಮಟ್ಟಿಗೆ ಸದ್ದು ಮಾಡಿ ಬೆದರಿಸುವ ಕೆಲಸ. ಅದಕ್ಕೆ ದೂರ ಹಾರುವ ಬೆಲೆಬಾಳುವ ಕೋವಿ ಬೇಡ. ಹಿಡಿದವನ ಕೈ, ಕಣ್ಣು ಉಳಿಸುವ ಕೋವಿ ಬೇಕು. 1959ರ ಆಯುಧ ಕಾಯಿದೆಯ 13ನೆಯ ವಿಧಿ ಬೆಳೆ ರಕ್ಷಣೆಗೆ ಹೆಸರಿಸಿರುವುದೂ ಬಾಯಿಯಿಂದ ಮದ್ದು ತುಂಬುವ ಕೇಪಿನ ಕೋವಿಯನ್ನೇ. ಅದು ಸಾಲದೆಂದು ಅಧಿಕಾರಿಗೆ ಮನವರಿಕೆಯಾದರೆ ಮಾತ್ರ ತೋಟಾ ಕೋವಿ.

ಹಳೆಯ ಕೇಪಿನ ಕೋವಿ ಕೈಗೆ ಬಂದೊಡನೆ, ಅದು ತುಂಬಿದೆಯೋ ಬರಿದೋ ಎಂದು ನೋಡಬೇಕು. ವರ್ಷಗಟ್ಟಲೆ ಅಟ್ಟದ ಮೇಲಿದ್ದ ಕೋವಿಯಲ್ಲೂ ಮದ್ದು ಇದ್ದೀತು. ಬಾಯಿ ಯಾರ ಕಡೆಗೂ ಇರದಂತೆ ಹಿಡಿದು, ಕೇಪು ಇಲ್ಲವೆಂದು ನೋಡಿಕೊಂಡು, ಇಡಿಯುವ ಸಲಾಕೆಯನ್ನು ಮೆಲ್ಲಗೆ ಒಳಗೆ ಬಿಡಿ. ಬಾಯಿಯ ಮಟ್ಟಕ್ಕೆ ಗುರುತು ಮಾಡಿ, ಹೊರತೆಗೆದು, ನಳಿಗೆಯ ಪಕ್ಕದಲ್ಲಿ ಅಳೆಯಿರಿ. ಸಲಾಕೆಯ ತುದಿ ಕೇಪು ಕೂರುವ ಜಾಗದ ತನಕ ಬಾರದೆ ನಾಲ್ಕು ಬೆರಳು ಹಿಂದುಳಿದರೆ ಒಳಗೆ ಏನೋ ಇದೆ. ಅದನ್ನು ತೆಗೆಯುವ ಕೆಲಸ ಕೋವಿ ರಿಪೇರಿ ಬಲ್ಲವನದು, ನಮ್ಮದಲ್ಲ.

ಬರಿದೆಂದು ಖಾತ್ರಿಯಾದ ಮೇಲೆ ಸಲಾಕೆಗೆ ಹತ್ತಿಬಟ್ಟೆ ಸುತ್ತಿ ನಳಿಗೆಯಲ್ಲಿ ಆಡಿಸಿರಿ. ಬಟ್ಟೆ ತೊಡರಿ ಹರಿದರೆ ಒಳಗೆ ತುಕ್ಕು ತಿಂದಿದೆ. ಹೊರಗೆ ಎಲ್ಲಾದರೂ ಉಬ್ಬು, ಸೀಳು, ಬೆಸುಗೆ ಕಂಡರೆ ಬೆಲೆ ಎಷ್ಟೇ ಇಳಿಸಿದರೂ ಬೇಡವೆನ್ನಿ. ಕುದುರೆಯನ್ನು ಅರ್ಧಕ್ಕೆ ಎತ್ತಿ ನಿಲ್ಲಿಸಿ, ಹೆಬ್ಬೆರಳು ಒತ್ತಿಟ್ಟುಕೊಂಡೇ ಟ್ರಿಗರ್ ಎಳೆಯಿರಿ. ಕುದುರೆ ಜಾರಿದರೆ ಆ ಕೋವಿ ಬದುವಿನ ಮೇಲೆ ಎಡವಿದವನನ್ನೇ ಹೊಡೆದೀತು. ತೋಟಾದಿಂದ ತೆಗೆದ ಹೊಗೆರಹಿತ ಮದ್ದನ್ನು ಕೇಪಿನ ಕೋವಿಗೆ ಎಂದೂ ಹಾಕಬಾರದು. ಅದರ ಒತ್ತಡಕ್ಕೆ ನಳಿಗೆ ಸಿಡಿಯುತ್ತದೆ.

ತೋಟಾ ಕೋವಿಗೆ ಪರೀಕ್ಷಕರು ಮಾಡುವ ಇನ್ನೊಂದು ಪರೀಕ್ಷೆಯುಂಟು. 40 ಗಜ ದೂರದ ಕಾಗದಕ್ಕೆ ಹೊಡೆದು, ಚರೆ ದಟ್ಟವಾಗಿ ಬಿದ್ದೆಡೆ 30 ಅಂಗುಲದ ವೃತ್ತ ಬರೆದು ತೂತು ಎಣಿಸುತ್ತಾರೆ. ಬಾಯಿ ಪೂರ್ತಿ ಕಿರಿದಾದ ನಳಿಗೆಯಿಂದ ನೂರಕ್ಕೆ 70ರಷ್ಟು ಚರೆ ಅದರೊಳಗೆ ಬೀಳಬೇಕೆಂಬುದು ವಾಡಿಕೆಯ ಲೆಕ್ಕ. ಬೆದರಿಸುವ ಕೋವಿಗೆ ಈ ಲೆಕ್ಕ ಹಿಡಿದು ಹೆಚ್ಚು ಹಣ ತೆರುವುದು ವ್ಯರ್ಥವೆಂದೇ ನಮ್ಮ ಅಭಿಪ್ರಾಯ.

ತಯಾರಕನ ಹೆಸರು, ಸಂಖ್ಯೆ ಅಥವಾ ಬೇರೆ ಗುರುತಿನ ಮುದ್ರೆಯಿಲ್ಲದ ಕೋವಿಯನ್ನು ಮಾರುವಂತಿಲ್ಲ. ಕೋವಿಯ ಮೇಲಿನ ಸಂಖ್ಯೆಯೂ ಲೈಸೆನ್ಸಿನ ಸಂಖ್ಯೆಯೂ ಒಂದೇ ಇರಬೇಕು. ಲೈಸೆನ್ಸಿನ ಅವಧಿ 2019ರ ತಿದ್ದುಪಡಿಯಿಂದ 3 ವರ್ಷದ ಬದಲು 5 ವರ್ಷ. ಆನೇಕಲ್ಲಿನ ಕಡೆಯೂ ಹೊಲವುಳ್ಳವರು ಲೈಸೆನ್ಸಿನಲ್ಲಿ ಯಾವ ಪ್ರದೇಶ ಬರೆದಿದೆಯೆಂದು ಬಲ್ಲವರಿಂದ ಓದಿಸಿ ತಿಳಿದ ಮೇಲೆಯೇ ಕೋವಿಯೊಡನೆ ಗಡಿ ದಾಟತಕ್ಕದ್ದು.