ಒಂದಂಗುಲದ ರಕ್ಷೆ
ಮೋಟಾರು ಸೈಕಲ್ ಸವಾರನ ಶಿರಸ್ತ್ರಾಣವನ್ನು ಕುರಿತು

ಬೆಳಗಿನ ಹೊತ್ತು ನಮ್ಮ ಕಾಲೇಜಿನ ಬಾಗಿಲಲ್ಲಿ ನಿಂತು ನೋಡಿದರೆ, ಮೋಟಾರು ಸೈಕಲ್ಲಿನ ಮೇಲೆ ಬರುವ ಎಷ್ಟೋ ವಿದ್ಯಾರ್ಥಿಗಳ ಹೆಲ್ಮೆಟ್ಟು ತಲೆಯ ಮೇಲಿರುವುದಿಲ್ಲ. ಪೆಟ್ರೋಲ್ ಟ್ಯಾಂಕಿನ ಮೇಲೋ ಮೊಣಕೈಯಲ್ಲೋ ಇರುತ್ತದೆ. ಒಬ್ಬನನ್ನು ಕರೆದು ಕಾರಣ ಕೇಳಿದೆ. “ಮನೆ ಇಲ್ಲೇ ಹತ್ತಿರ, ಸರ್. ನಾನು ಮೂವತ್ತು ಕಿಲೋಮೀಟರ್ ದಾಟುವುದೇ ಇಲ್ಲ” ಎಂದನು. ಅವನು ಭೌತವಿಜ್ಞಾನದ ವಿದ್ಯಾರ್ಥಿ. ಆದುದರಿಂದ ಉತ್ತರವನ್ನು ಕರಿಹಲಗೆಯ ಮೇಲೆಯೇ ಬರೆದು ತೋರಿಸಿದೆ. ವಾಚಕರಿಗೂ ಅದು ಉಪಯುಕ್ತವಾದೀತೆಂದು ಇಲ್ಲಿ ನಿರೂಪಿಸುತ್ತೇನೆ.

ಬೀಳುವ ತಲೆಯ ವೇಗ

ಸವಾರನು ಬಿದ್ದಾಗ ಅವನ ತಲೆಗೆ ಎರಡು ಚಲನೆಗಳಿರುತ್ತವೆ. ಒಂದು, ವಾಹನದೊಡನೆ ಮುಂದಕ್ಕೆ ಸಾಗುತ್ತಿದ್ದ ಚಲನೆ. ಇನ್ನೊಂದು, ಭೂಮಿಯ ಆಕರ್ಷಣೆಯಿಂದ ಕೆಳಕ್ಕೆ ಬೀಳುವ ಚಲನೆ. ಎದುರಿಗೆ ಗೋಡೆಯೋ ಲಾರಿಯೋ ಇಲ್ಲದಿದ್ದರೆ, ಮೊದಲನೆಯದು ರಸ್ತೆಯ ಮೇಲೆ ಜಾರುತ್ತ ಕ್ರಮೇಣ ಕ್ಷೀಣಿಸುತ್ತದೆ. ಎರಡನೆಯದಾದರೋ ನೆಲ ಮುಟ್ಟಿದೊಡನೆಯೇ ನಿಲ್ಲಬೇಕು. ತಲೆಯು ನೆಲದಿಂದ 1.6 ಮೀಟರ್ ಎತ್ತರದಲ್ಲಿದೆ ಎಂದಿಟ್ಟುಕೊಳ್ಳೋಣ. ಅಷ್ಟು ಎತ್ತರದಿಂದ ಬಿದ್ದ ವಸ್ತುವಿನ ವೇಗ ಸೆಕೆಂಡಿಗೆ 5.6 ಮೀಟರ್, ಅಂದರೆ ಗಂಟೆಗೆ ಸುಮಾರು 20 ಕಿಲೋಮೀಟರ್. ವಾಹನವು ಮೂವತ್ತರಲ್ಲಿ ಹೋಗುತ್ತಿರಲಿ, ಅರವತ್ತರಲ್ಲಿ ಹೋಗುತ್ತಿರಲಿ, ಈ ವೇಗಕ್ಕೆ ಎತ್ತರವೊಂದೇ ಆಧಾರ. ನಿಧಾನವಾಗಿ ಹೋಗುವುದು ಬೇರೆ ವಿಧಗಳಲ್ಲಿ ಒಳ್ಳೆಯದೇ. ಆದರೆ ಈ ಪೆಟ್ಟನ್ನು ಅದು ತಗ್ಗಿಸಲಾರದು.

ನಿಲ್ಲಲು ದೊರೆಯುವ ದೂರ

ಚಲಿಸುವ ವಸ್ತುವನ್ನು ನಿಲ್ಲಿಸಲು ದೊರೆಯುವ ದೂರ ಕಡಿಮೆಯಾದಷ್ಟೂ ಬಲ ಹೆಚ್ಚಬೇಕು. ಬರಿಯ ತಲೆ ಡಾಂಬರು ರಸ್ತೆಗೆ ತಾಗಿದರೆ, ನೆತ್ತಿಯ ಚರ್ಮ ಅದುಮಿಕೊಳ್ಳುವಷ್ಟು ದೂರ ಮಾತ್ರ ಸಿಕ್ಕುತ್ತದೆ. ಅದನ್ನು 4 ಮಿಲಿಮೀಟರ್ ಎಂದೆಣಿಸಿದರೆ, ಸರಾಸರಿ ವೇಗಾಪಕರ್ಷವು ಗುರುತ್ವ ವೇಗೋತ್ಕರ್ಷದ 400ರಷ್ಟಾಗುತ್ತದೆ. ತಲೆಯ ತೂಕ 5 ಕಿಲೋಗ್ರಾಂ ಎಂದುಕೊಂಡರೆ, ಕ್ಷಣಮಾತ್ರ ಅದರ ಮೇಲೆ ಎರಡು ಟನ್ನು ಭಾರ ಹೇರಿದಂತೆ!

ಈಗ ತಲೆಗೂ ರಸ್ತೆಗೂ ನಡುವೆ, ಒಂದು ಅಂಗುಲದಷ್ಟು, ಅಂದರೆ 25 ಮಿಲಿಮೀಟರ್ ಕುಗ್ಗಬಲ್ಲ ಮೆತ್ತೆ ಇದೆ ಎನ್ನೋಣ. ಅದೇ ಲೆಕ್ಕ 64ಕ್ಕೆ ಇಳಿಯುತ್ತದೆ. ಎರಡು ಟನ್ನು 320 ಕಿಲೋಗ್ರಾಂ ಆಗುತ್ತದೆ. ಇದು ಸ್ಥೂಲವಾದ ಗಣನೆ, ದಿಟ. ಆದರೂ ಬದುಕಿಗೂ ಸಾವಿಗೂ ನಡುವಣ ಅಂತರ ಒಂದಂಗುಲವೇ ಎಂಬುದನ್ನು ಇದು ಸ್ಪಷ್ಟಪಡಿಸುತ್ತದೆ.

ಆ ಮೆತ್ತೆ ಯಾವುದು? ಅನೇಕರು ಹೆಲ್ಮೆಟ್ಟಿನ ಗಟ್ಟಿ ಹೊರಚಿಪ್ಪೇ ರಕ್ಷಕವೆಂದು ಭಾವಿಸುತ್ತಾರೆ. ಚಿಪ್ಪಿನ ಕೆಲಸ ಪೆಟ್ಟನ್ನು ಅಗಲಕ್ಕೆ ಹರಡುವುದು, ಚೂಪಾದ ವಸ್ತು ಒಳಹೊಗದಂತೆ ತಡೆಯುವುದು. ಚಲನಶಕ್ತಿಯನ್ನು ಹೀರುವುದು ಒಳಗಿರುವ, ನಾವು ಥರ್ಮೊಕೋಲ್ ಎಂದು ಕರೆಯುವ ಹಗುರ ವಸ್ತು. ಅದರೊಳಗಿನ ಅಸಂಖ್ಯ ಗಾಳಿಕೋಶಗಳು ಜಜ್ಜಿಹೋಗುವುದರಲ್ಲಿಯೇ ಪೆಟ್ಟಿನ ಶಕ್ತಿ ವ್ಯಯವಾಗುತ್ತದೆ. ಒಮ್ಮೆ ಜಜ್ಜಿದ ಕೋಶ ಮತ್ತೆ ಉಬ್ಬುವುದಿಲ್ಲ. ಆದುದರಿಂದ ಒಂದು ಅಪಘಾತವನ್ನು ಕಂಡ ಹೆಲ್ಮೆಟ್ಟು, ಹೊರಗೆ ಗೀರೂ ಇಲ್ಲದಂತೆ ತೋರಿದರೂ, ತನ್ನ ಕೆಲಸ ಮುಗಿಸಿದೆ. ಅದನ್ನು ತ್ಯಜಿಸಬೇಕು, ಇನ್ನೊಬ್ಬರು ಬಳಸಿದ್ದನ್ನು ಕೊಳ್ಳಲೂ ಬಾರದು.

ಒಂದು ಮರಣದ ಪಾಠ

1935ರ ಮೇ 13ರಂದು ಇಂಗ್ಲೆಂಡಿನ ಡಾರ್ಸೆಟ್ ಪ್ರಾಂತದಲ್ಲಿ, ‘ಅರೇಬಿಯದ ಲಾರೆನ್ಸ್’ ಎಂದು ಪ್ರಸಿದ್ಧನಾದ ಟಿ. ಇ. ಲಾರೆನ್ಸನು ಸೈಕಲ್ ಸವಾರರಾದ ಇಬ್ಬರು ಹುಡುಗರನ್ನು ತಪ್ಪಿಸಲು ಹೋಗಿ ತನ್ನ ಮೋಟಾರು ಸೈಕಲ್ಲಿನಿಂದ ಎಸೆಯಲ್ಪಟ್ಟನು. ತಲೆಗೆ ಪೆಟ್ಟಾಗಿ ಆರು ದಿನಗಳಲ್ಲಿ ತೀರಿಕೊಂಡನು. ಅವನನ್ನು ನೋಡಿದ ವೈದ್ಯರಲ್ಲಿ ಹ್ಯೂ ಕೇರ್ನ್ಸ್ ಎಂಬ ಮೆದುಳಿನ ಶಸ್ತ್ರವೈದ್ಯನೂ ಇದ್ದನು. ಮುಂದೆ ಯುದ್ಧಕಾಲದಲ್ಲಿ ಕೇರ್ನ್ಸನು ಸವಾರರ ತಲೆಪೆಟ್ಟುಗಳನ್ನು ಅಭ್ಯಾಸಮಾಡಿ, 1941ರಲ್ಲಿ ಶಿರಸ್ತ್ರಾಣದ ಪ್ರಯೋಜನವನ್ನು ಪ್ರಕಟಪಡಿಸಿದನು. ಅದೇ ವರ್ಷ ಬ್ರಿಟಿಷ್ ಸೈನ್ಯವು ತನ್ನ ಮೋಟಾರು ಸೈಕಲ್ ಸವಾರರಿಗೆ ಅದನ್ನು ಕಡ್ಡಾಯಮಾಡಿತು. ಅಲ್ಲಿಂದೀಚಿನ ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ 2008ರಲ್ಲಿ ಮಾಡಿದ ಸಮೀಕ್ಷೆಯ ಪ್ರಕಾರ, ಅಪಘಾತಕ್ಕೀಡಾದ ಸವಾರರಲ್ಲಿ ಹೆಲ್ಮೆಟ್ಟು ಸಾವಿನ ಸಂಭವವನ್ನು ಶೇಕಡ 42ರಷ್ಟು, ತಲೆಪೆಟ್ಟಿನ ಸಂಭವವನ್ನು ಶೇಕಡ 69ರಷ್ಟು ತಗ್ಗಿಸುತ್ತದೆ.

ಆರಿಸುವ ಬಗೆ

ಇಷ್ಟನ್ನು ತಿಳಿದವರಿಗೆ ಆಯ್ಕೆ ಸುಲಭ. ಒಳಗೆ ಬೆರಳಿನಿಂದ ಒತ್ತಿ ನೋಡಿರಿ. ದಪ್ಪ ಥರ್ಮೊಕೋಲಿನ ಪದರವಿಲ್ಲದೆ ಬರಿಯ ಬಟ್ಟೆ, ಸ್ಪಂಜು ಇದ್ದರೆ ಅದು ಹೆಲ್ಮೆಟ್ಟಲ್ಲ, ಟೋಪಿ. ನಮ್ಮ ದೇಶದಲ್ಲಿ 2021ರ ಜೂನ್‌ನಿಂದ ಐ.ಎಸ್.ಐ. ಮುದ್ರೆ ಕಡ್ಡಾಯವಾಗಿದೆ, ಮುದ್ರೆಯೊಡನೆ ಐ.ಎಸ್. 4151 ಎಂಬ ಸಂಖ್ಯೆಯನ್ನೂ ನೋಡಿಕೊಳ್ಳಿ. ಗದ್ದವನ್ನೂ ಮುಚ್ಚುವಂಥದು ಉತ್ತಮ. ತೊಟ್ಟು ತಲೆಯಾಡಿಸಿದಾಗ ಅದು ತಲೆಯೊಡನೆಯೇ ತಿರುಗಬೇಕು. ಗದ್ದದ ಪಟ್ಟಿಯನ್ನು ಬಿಗಿಯದಿದ್ದರೆ, ಜಡತ್ವದ ನಿಯಮದಂತೆ ಹೆಲ್ಮೆಟ್ಟು ಒಂದು ಕಡೆ, ತಲೆ ಒಂದು ಕಡೆ! ಹಿಂದೆ ಕುಳಿತವರ ತಲೆಗೂ ಎತ್ತರ ಅಷ್ಟೇ; ಅವರಿಗೂ ಇದೇ ನಿಯಮ.

ಮುಂದಕ್ಕೆ ಸಾಗುವ ಚಲನೆಯನ್ನೂ ಮರೆಯಬಾರದು. ಗಂಟೆಗೆ 45 ಕಿಲೋಮೀಟರ್ ವೇಗದಲ್ಲಿ ಬಿದ್ದವನು ಹತ್ತು ಮೀಟರಿಗೂ ಮಿಕ್ಕಿ ಜಾರಬಹುದು. ಆಗ ಘರ್ಷಣೆಗೆ ಸವೆಯುವುದು ಚರ್ಮದ ಜಾಕೆಟ್ಟಾಗಲಿ ಮೈಚರ್ಮವಾಗಲಿ, ಎರಡರಲ್ಲಿ ಒಂದು. ಬೀಳುವವನು ಅರಿಯದೆಯೇ ಕೈ ಮುಂದೆ ಚಾಚುತ್ತಾನೆ, ಆದುದರಿಂದ ಕೈಗವಸು. ಕಾಲಿಗೆ ಚಪ್ಪಲಿ ಸಾಲದು. ಹರಡನ್ನು ಮುಚ್ಚುವ ಬೂಟು ಬೇಕು.

ಲೆಕ್ಕ ಮುಗಿದ ಮೇಲೆ ಆ ವಿದ್ಯಾರ್ಥಿ ಕರಿಹಲಗೆಯನ್ನು ಸ್ವಲ್ಪ ಹೊತ್ತು ನೋಡಿ, “ಇದರಲ್ಲಿ ನನ್ನ ಮನೆಯ ದೂರ ಎಲ್ಲಿಯೂ ಬರಲೇ ಇಲ್ಲವಲ್ಲ, ಸರ್” ಎಂದನು. “ವೇಗವೂ ಬರಲಿಲ್ಲ” ಎಂದೆ. ಸಂಜೆ ಹೋಗುವಾಗ ಅವನು ಪಟ್ಟಿಯನ್ನು ಬಿಗಿದುಕೊಳ್ಳುತ್ತಿದ್ದುದನ್ನು ಕಂಡೆ.