ಗೇಮಿಂಗ್ ಮೌಸ್, ಕೀಬೋರ್ಡ್: ಪೆಟ್ಟಿಗೆಯ ಅಂಕಿ ಬದಿಗಿಡಿ, ಕೈಯ ಅಳತೆ ಹಿಡಿಯಿರಿ

ಬೆಂಗಳೂರಿನ ಎಸ್.ಪಿ. ರೋಡಿನ ಯಾವ ಕಂಪ್ಯೂಟರ್ ಅಂಗಡಿಗೆ ಹೋದರೂ ಗೇಮಿಂಗ್ ಮೌಸ್‌ನ ಪೆಟ್ಟಿಗೆಯ ಮೇಲೆ ಮೊದಲು ಕಣ್ಣಿಗೆ ಬೀಳುವುದು ಡಿಪಿಐ ಸಂಖ್ಯೆ. 12,000, 16,000, 26,000 ಎಂದು ಅದು ಏರುತ್ತಲೇ ಇರುತ್ತದೆ. ಮೌಸ್ ಒಂದು ಇಂಚು ಸರಿದಾಗ ಕಂಪ್ಯೂಟರಿಗೆ ಎಷ್ಟು ಎಣಿಕೆ ಕಳಿಸುತ್ತದೆ ಎಂಬುದೇ ಡಿಪಿಐ. ಈಗ ಲೆಕ್ಕ ಹಾಕಿ: 16,000 ಡಿಪಿಐ ಇಟ್ಟರೆ 1920 ಪಿಕ್ಸೆಲ್ ಅಗಲದ ಪರದೆಯನ್ನು ಆ ತುದಿಯಿಂದ ಈ ತುದಿಗೆ ದಾಟಲು ಮೌಸ್ ಸುಮಾರು 3 ಮಿಲಿಮೀಟರ್ ಅಲುಗಿದರೆ ಸಾಕು. ಅಂಥ ಚುರುಕಿನಲ್ಲಿ ಗುರಿ ಹಿಡಿಯುವುದು ಯಾರ ಕೈಯಲ್ಲೂ ಆಗದು. ವ್ಯಾಲರಂಟ್, ಕೌಂಟರ್-ಸ್ಟ್ರೈಕ್ ಆಟಗಳನ್ನು ಸ್ಪರ್ಧೆಯಲ್ಲಿ ಆಡುವವರು ಹೆಚ್ಚಾಗಿ 400ರಿಂದ 1600ರೊಳಗೇ ಇರುತ್ತಾರೆ. ಅಷ್ಟನ್ನು ಇಂದಿನ ಅಗ್ಗದ ಗೇಮಿಂಗ್ ಮೌಸ್ ಕೂಡ ಕೊಡುತ್ತದೆ.

ಹಾಗಾದರೆ ಯಾವುದನ್ನು ನೋಡಿ ಕೊಳ್ಳಬೇಕು? ನಿಮ್ಮ ಕೈ ಮತ್ತು ನೀವು ಆಡುವ ಆಟ, ಈ ಎರಡನ್ನು. ಹಣ ಕಡಿಮೆ ಇದ್ದರೆ ಅದರ ದೊಡ್ಡ ಪಾಲು ಮೌಸ್‌ಗೆ ಹೋಗಲಿ. ಸಾಧಾರಣ ಕೀಬೋರ್ಡಿನಲ್ಲಿ ಚೆನ್ನಾಗಿ ಆಡಬಹುದು, ಆದರೆ ಕೈಗೆ ಹೊಂದದ ಮೌಸ್‌ನಲ್ಲಿ ಗುರಿ ಎಂದೂ ಪಳಗುವುದಿಲ್ಲ.

ಮೊದಲು ಕೈ ಅಳೆಯಿರಿ

ಮಣಿಕಟ್ಟಿನ ಗೆರೆಯಿಂದ ನಡುಬೆರಳಿನ ತುದಿಯವರೆಗೆ ಸ್ಕೇಲ್ ಹಿಡಿಯಿರಿ. ಆ ಉದ್ದದ ಶೇ 60ರಷ್ಟು ಉದ್ದದ ಮೌಸ್ ಸಾಮಾನ್ಯವಾಗಿ ಹೊಂದುತ್ತದೆ ಎಂಬುದು ಆಟಗಾರರಲ್ಲಿ ರೂಢಿಯಲ್ಲಿರುವ ಲೆಕ್ಕ. 18 ಸೆಂಟಿಮೀಟರ್ ಕೈಗೆ ಸುಮಾರು 11 ಸೆಂಟಿಮೀಟರ್ ಮೌಸ್. ಇದು ಆರಂಭಕ್ಕೊಂದು ಅಂದಾಜು, ಅಷ್ಟೇ. ಹಿಡಿಯುವ ಬಗೆ ಇದನ್ನು ಹಿಗ್ಗಿಸುತ್ತದೆ, ಕುಗ್ಗಿಸುತ್ತದೆ. ಅಂಗೈ ಪೂರ್ತಿ ಊರಿ ಹಿಡಿಯುವವರಿಗೆ ಬೆನ್ನು ಉಬ್ಬಿದ, ಸ್ವಲ್ಪ ಉದ್ದನೆಯ ಮೌಸ್ ಬೇಕು. ಬೆರಳು ಮಡಚಿ ಹಿಡಿಯುವವರಿಗೆ, ಬೆರಳ ತುದಿಯಿಂದಷ್ಟೇ ಆಡಿಸುವವರಿಗೆ ಚಿಕ್ಕದು, ಹಗುರವಾದದ್ದು ಒಪ್ಪುತ್ತದೆ. ನೀವು ಯಾವ ಬಗೆಯವರೆಂದು ತಿಳಿಯಲು ಆಟದ ನಡುವೆ ನಿಮ್ಮ ಕೈಯ ಫೋಟೊ ತೆಗೆಯಲು ಯಾರಿಗಾದರೂ ಹೇಳಿ. ನೀವೇ ನೋಡಿಕೊಳ್ಳಹೊರಟರೆ ಹಿಡಿತ ಬದಲಾಗಿಬಿಡುತ್ತದೆ.

ತೂಕದ್ದು ಇನ್ನೊಂದು ಮಾತು. ಲಾಜಿಟೆಕ್ ಜಿ102 ಸುಮಾರು 85 ಗ್ರಾಂ. ಅದೇ ಕಂಪನಿ 2020ರಲ್ಲಿ ತಂದ ಜಿ ಪ್ರೊ ಎಕ್ಸ್ ಸೂಪರ್‌ಲೈಟ್ 63 ಗ್ರಾಮಿಗಿಂತ ಕಡಿಮೆ. ಕಡಿಮೆ ಸೆನ್ಸಿಟಿವಿಟಿಯಲ್ಲಿ ಮೊಣಕೈಯಿಂದ ಮೌಸ್ ಬೀಸುತ್ತ ಆಡುವವರಿಗೆ ಈ ವ್ಯತ್ಯಾಸ ಎರಡು ಗಂಟೆಯ ಆಟದ ಕೊನೆಗೆ ಭುಜದಲ್ಲಿ ಗೊತ್ತಾಗುತ್ತದೆ. ಸ್ಟ್ರಾಟಜಿ ಆಟದವರು ತೂಕಕ್ಕಾಗಿ ದುಬಾರಿ ಬೆಲೆ ಕೊಡಬೇಕಿಲ್ಲ.

ಸೆನ್ಸರನ್ನು ಮನೆಯಲ್ಲೇ ಪರೀಕ್ಷಿಸಿ

ಮೌಸ್ ಮನೆಗೆ ಬಂದ ಕೂಡಲೇ ವಿಂಡೋಸ್ ಸೆಟ್ಟಿಂಗ್‌ನಲ್ಲಿ ‘ಎನ್ಹಾನ್ಸ್ ಪಾಯಿಂಟರ್ ಪ್ರಿಸಿಷನ್’ ಆಯ್ಕೆಯನ್ನು ತೆಗೆದುಹಾಕಿ. ಅದು ಇದ್ದರೆ ಕೈಯ ವೇಗಕ್ಕೆ ತಕ್ಕಂತೆ ಕರ್ಸರ್ ಓಡುವ ದೂರ ಬದಲಾಗುತ್ತದೆ, ಪರೀಕ್ಷೆಯೇ ಸುಳ್ಳಾಗುತ್ತದೆ.

ಮೊದಲ ಪರೀಕ್ಷೆ ಆಟದೊಳಗೆ. ಗೋಡೆಯ ಒಂದು ಗುರುತಿನ ಮೇಲೆ ಗುರಿ ಇಟ್ಟು, ಪ್ಯಾಡಿನ ಮೇಲೆ ಮೌಸ್ ಇರುವ ಜಾಗವನ್ನು ಸ್ಕೇಲ್ ಒತ್ತಿಟ್ಟು ಗುರುತಿಸಿಕೊಳ್ಳಿ. ಬಲಕ್ಕೆ ಜೋರಾಗಿ ಬೀಸಿ, ನಿಧಾನವಾಗಿ ಮತ್ತೆ ಸ್ಕೇಲ್‌ಗೆ ತಾಗಿಸಿ. ಗುರಿ ಮೊದಲಿನ ಗುರುತಿಗೇ ಬಂದರೆ ಸೆನ್ಸರ್ ಸರಿಯಿದೆ. ದೂರ ಉಳಿದರೆ, ಅಥವಾ ಬೀಸುವಾಗ ನೋಟ ಆಕಾಶಕ್ಕೋ ನೆಲಕ್ಕೋ ಹಾರಿದರೆ, ಸೆನ್ಸರ್ ವೇಗ ತಾಳಲಾರದೆ ದಾರಿ ತಪ್ಪುತ್ತಿದೆ. ಪ್ಯಾಡ್ ಬದಲಿಸಿ ಇನ್ನೊಮ್ಮೆ ನೋಡಿ. ಆಗಲೂ ಹಾಗೇ ಆದರೆ ಮೌಸ್ ವಾಪಸ್ ಮಾಡಿ.

ಎರಡನೆಯದಕ್ಕೆ ಪೇಂಟ್ ಸಾಕು. ನಿಧಾನವಾಗಿ ಅಡ್ಡಗೆರೆ ಎಳೆಯಿರಿ. ಕೈಯ ಸಣ್ಣ ನಡುಕ ಗೆರೆಯಲ್ಲಿ ಕಾಣಬೇಕು. ಸ್ಕೇಲ್ ಇಟ್ಟು ಎಳೆದಷ್ಟು ನೇರವಾಗಿ ಬಂದರೆ ಮೌಸ್ ನಿಮ್ಮ ಚಲನೆಯನ್ನು ತಾನೇ ತಿದ್ದುತ್ತಿದೆ ಎಂದರ್ಥ. ಚಿತ್ರ ಬಿಡಿಸುವವರಿಗೆ ಅದು ಹಿತ, ಗುರಿಯಿಡುವವರಿಗೆ ತೊಡಕು.

ಮೂರನೆಯದಕ್ಕೆ ಮೂಲೆ ಸೇರಿದ ಹಳೆ ಸಿ.ಡಿ.ಗಳನ್ನು ಹೊರತೆಗೆಯಿರಿ. ಒಂದು ಸಿ.ಡಿ. 1.2 ಮಿಲಿಮೀಟರ್ ದಪ್ಪ. ಸೆನ್ಸರಿನ ಕಣ್ಣಿಗೆ ಪ್ಯಾಡ್ ಕಾಣುವಂತೆ ಬಿಟ್ಟು, ಮೌಸ್‌ನ ಎರಡು ಅಂಚಿಗೆ ಒಂದೊಂದು ಸಿ.ಡಿ. ಕೊಟ್ಟು ಸರಿಸಿ. ಒಂದರ ಎತ್ತರಕ್ಕೇ ಕರ್ಸರ್ ನಿಂತರೆ ಒಳ್ಳೆಯದು. ಎರಡರ ಎತ್ತರದಲ್ಲೂ ಓಡುತ್ತಿದ್ದರೆ, ಪ್ರತಿ ಸಲ ಮೌಸ್ ಎತ್ತಿ ಜಾಗ ಬದಲಿಸುವಾಗ ಗುರಿ ಅಲುಗುತ್ತದೆ.

ಪೋಲಿಂಗ್ ರೇಟ್ ಬಗ್ಗೆ ಒಂದು ಲೆಕ್ಕ ನೆನಪಿರಲಿ. ಆಫೀಸಿನ ಮೌಸ್ ಸಾಮಾನ್ಯವಾಗಿ 125 ಹರ್ಟ್ಜ್, ಅಂದರೆ 8 ಮಿಲಿಸೆಕೆಂಡಿಗೊಮ್ಮೆ ವರದಿ. 1000 ಹರ್ಟ್ಜ್‌ನಲ್ಲಿ 1 ಮಿಲಿಸೆಕೆಂಡ್. ಈ 7 ಮಿಲಿಸೆಕೆಂಡಿನ ಉಳಿತಾಯಕ್ಕೆ ನಿಜಕ್ಕೂ ಬೆಲೆಯಿದೆ. 1000ದಿಂದ 8000ಕ್ಕೆ ಹೋದರೆ ಸಿಗುವುದು ಒಂದು ಮಿಲಿಸೆಕೆಂಡಿಗಿಂತಲೂ ಕಡಿಮೆ, ಪ್ರೊಸೆಸರಿಗೆ ಹೊರೆ ಬೇರೆ. 60 ಹರ್ಟ್ಜ್ ಮಾನಿಟರ್ ಚಿತ್ರ ಬದಲಿಸುವುದೇ 16.7 ಮಿಲಿಸೆಕೆಂಡಿಗೊಮ್ಮೆ. ಅಂಥ ಮಾನಿಟರ್ ಇರುವವರು 8000 ಹರ್ಟ್ಜ್‌ಗೆ ಕೊಡುವ ಹಣವನ್ನು ಹೊಸ ಮಾನಿಟರಿಗೆ ಕೂಡಿಡಲಿ.

ಕೀಬೋರ್ಡ್: ಸ್ವಿಚ್ಚಿಗಿಂತ ಮುಂಚೆ ಒಂದು ಪರೀಕ್ಷೆ

ನೋಟ್‌ಪ್ಯಾಡ್ ತೆರೆದು ಎಡಬಲದ ಎರಡೂ ಶಿಫ್ಟ್ ಒತ್ತಿಹಿಡಿದು ಇಂಗ್ಲಿಷ್ ಅಕ್ಷರಗಳನ್ನೆಲ್ಲ ಸಾಲಾಗಿ ಟೈಪ್ ಮಾಡಿ. ಕೆಲವು ಅಕ್ಷರ ನಾಪತ್ತೆಯಾದರೆ ಕಾರಣ ಇಷ್ಟು: ಅಗ್ಗದ ಕೀಬೋರ್ಡಿನ ಒಳಗೆ ಕೀಲಿಗಳನ್ನು ಅಡ್ಡಸಾಲು, ಉದ್ದಸಾಲುಗಳ ಜಾಲದಲ್ಲಿ ಜೋಡಿಸಿರುತ್ತಾರೆ. ಆ ಜಾಲದಲ್ಲಿ ಒಂದು ಆಯತದ ಮೂರು ಮೂಲೆಗಳನ್ನು ಒಟ್ಟಿಗೆ ಒತ್ತಿದರೆ ನಾಲ್ಕನೆಯದೂ ಒತ್ತಿದಂತೆಯೇ ವಿದ್ಯುತ್ ಹರಿಯುತ್ತದೆ. ಯಾವುದು ನಿಜವೆಂದು ತಿಳಿಯದ ಕೀಬೋರ್ಡ್ ಹೊಸ ಕೀಲಿಯನ್ನು ತಡೆದುಬಿಡುತ್ತದೆ. ಓಡುತ್ತ, ಬಾಗಿ, ಜಿಗಿಯುವ ಹೊತ್ತಿಗೆ ಜಿಗಿತವೇ ಬೀಳದಿರುವುದು ಇದರಿಂದ. ಪ್ರತಿ ಕೀಲಿಗೂ ಒಂದು ಡಯೋಡ್ ಇಟ್ಟರೆ ಈ ಗೊಂದಲ ಇರುವುದಿಲ್ಲ. ಪೆಟ್ಟಿಗೆಯ ಮೇಲೆ ‘ಎನ್-ಕೀ ರೋಲ್‌ಓವರ್’ ಎಂದಿದ್ದರೆ ಎಷ್ಟು ಕೀಲಿ ಒಟ್ಟಿಗೆ ಒತ್ತಿದರೂ ಎಲ್ಲವೂ ದಾಖಲಾಗಬೇಕು. ‘ಆ್ಯಂಟಿ-ಘೋಸ್ಟಿಂಗ್’ ಎಂದಷ್ಟೇ ಬರೆದಿದ್ದರೆ ಕೆಲವೇ ಕೀಲಿಗಳಿಗೆ ಸೀಮಿತವಾಗಿರಬಹುದು. ನಿಮ್ಮ ಆಟದ ಕೀಲಿಗಳನ್ನೇ ಒಟ್ಟಿಗೆ ಒತ್ತಿ ಖಚಿತಪಡಿಸಿಕೊಳ್ಳಿ.

ಸ್ವಿಚ್‌ಗಳಲ್ಲಿ ಚೆರಿ ಎಂಎಕ್ಸ್ ಬಣ್ಣಗಳೇ ಉಳಿದವರಿಗೂ ಮಾದರಿ. ಕೆಂಪು ನೇರ ಇಳಿಯುತ್ತದೆ, ಒತ್ತಡ 45 ಗ್ರಾಮಿನಷ್ಟು, 2 ಮಿಲಿಮೀಟರಿಗೆ ದಾಖಲಾಗುತ್ತದೆ. ಕಂದು ನಡುವೆ ಸಣ್ಣ ತಡೆ ಕೊಡುತ್ತದೆ. ನೀಲಿ ಟಕ್ ಎನ್ನುತ್ತದೆ. ಹಾಸ್ಟೆಲ್‌ನಲ್ಲಿರುವವರು, ಮನೆಮಂದಿ ಮಲಗಿದ ಮೇಲೆ ಆಡುವವರು ನೀಲಿಯ ತಂಟೆಗೆ ಹೋಗಬೇಡಿ. ಗೇಟರಾನ್, ಔಟೆಮು ಮೊದಲಾದವರ ಸ್ವಿಚ್‌ಗಳು ಕಡಿಮೆ ಬೆಲೆಯಲ್ಲಿ ಚೆನ್ನಾಗಿಯೇ ಇವೆ. ಸ್ವಿಚ್ ಕಿತ್ತು ಬದಲಿಸಬಹುದಾದ ಹಾಟ್-ಸ್ವಾಪ್ ಕೀಬೋರ್ಡ್ ಸಿಕ್ಕರೆ ಅದನ್ನೇ ಆರಿಸಿ. ಒಂದು ಕೀಲಿ ಕೆಟ್ಟಿತೆಂದು ಇಡೀ ಕೀಬೋರ್ಡ್ ಎಸೆಯುವುದು ತಪ್ಪುತ್ತದೆ.

ಗೇಮಿಂಗ್ ಕೀಬೋರ್ಡುಗಳಲ್ಲಿ ಈಚೆಗೆ ಸುದ್ದಿಯಲ್ಲಿರುವುದು ಆಯಸ್ಕಾಂತದ ಹಾಲ್ ಎಫೆಕ್ಟ್ ಸ್ವಿಚ್. ನೆದರ್ಲೆಂಡ್ಸಿನ ವೂಟಿಂಗ್ ಇದನ್ನು ಜನಪ್ರಿಯಗೊಳಿಸಿತು. ಕೀಲಿ ಎಷ್ಟು ಇಳಿದಿದೆಯೆಂದು ಸತತವಾಗಿ ಅಳೆಯುವುದರಿಂದ, ಬೆರಳು ಕೊಂಚ ಮೇಲೆದ್ದ ಕ್ಷಣವೇ ಕೀಲಿ ಬಿಟ್ಟಂತೆ ದಾಖಲಾಗುತ್ತದೆ. ಇದಕ್ಕೆ ರಾಪಿಡ್ ಟ್ರಿಗರ್ ಎನ್ನುತ್ತಾರೆ. ಓಡುತ್ತಿದ್ದವರು ಥಟ್ಟನೆ ನಿಂತು ಗುಂಡು ಹಾರಿಸುವ ಕೌಂಟರ್-ಸ್ಟ್ರೈಕ್‌ನಂಥ ಆಟದಲ್ಲಿ ಇದರ ಲಾಭ ನೇರವಾಗಿ ಕಾಣುತ್ತದೆ. ಆದರೆ ಎಡಬಲದ ಕೀಲಿಗಳಲ್ಲಿ ಕೊನೆಗೆ ಒತ್ತಿದ್ದನ್ನೇ ತಾನಾಗಿ ಆರಿಸುವ ಸ್ನ್ಯಾಪ್ ಟ್ಯಾಪ್ ಬೇರೆಯೇ ಸೌಲಭ್ಯ. 2024ರ ಆಗಸ್ಟ್‌ನಲ್ಲಿ ವಾಲ್ವ್ ಕಂಪನಿ ಕೌಂಟರ್-ಸ್ಟ್ರೈಕ್ 2ರ ಅಧಿಕೃತ ಸರ್ವರ್‌ಗಳಲ್ಲಿ ಇಂಥ ಸ್ವಯಂಚಾಲನೆಯನ್ನು ನಿಷೇಧಿಸಿತು. ಬಳಸಿದವರನ್ನು ಪಂದ್ಯದಿಂದ ಹೊರಹಾಕಲಾಗುತ್ತದೆ. ಆ ಒಂದು ಸೌಲಭ್ಯಕ್ಕಾಗಿ ಹೆಚ್ಚು ಹಣ ಕೊಡುವ ಮುನ್ನ ನಿಮ್ಮ ಆಟದ ನಿಯಮ ಓದಿ.

ಗಾತ್ರ ಆರಿಸುವಾಗ ಕನ್ನಡಿಗರಿಗೆ ವಿಶೇಷವಾಗಿ ಒಂದು ಮಾತು. 61 ಕೀಲಿಗಳ ಪುಟ್ಟ ಕೀಬೋರ್ಡ್ ಮೌಸ್‌ಗೆ ಜಾಗ ಬಿಡುತ್ತದೆ, ನಿಜ. ಆದರೆ ಅದೇ ಕಂಪ್ಯೂಟರಿನಲ್ಲಿ ‘ನುಡಿ’ ಬಳಸಿ ಟೈಪ್ ಮಾಡುವವರು ಕನ್ನಡಕ್ಕೂ ಇಂಗ್ಲಿಷಿಗೂ ಬದಲಾಯಿಸಲು ಒತ್ತುವುದು ಸ್ಕ್ರಾಲ್ ಲಾಕ್. ಪುಟ್ಟ ಕೀಬೋರ್ಡಿನಲ್ಲಿ ಆ ಕೀಲಿ ಇರುವುದೇ ಇಲ್ಲ. ನಂಬರ್ ಪ್ಯಾಡ್ ಮಾತ್ರ ಕೈಬಿಟ್ಟ 87 ಕೀಲಿಗಳ ಟಿಕೆಎಲ್ ಎರಡಕ್ಕೂ ಒದಗುತ್ತದೆ. ನನ್ನ ಮಟ್ಟಿಗೆ ಹೆಚ್ಚಿನ ಮನೆಗಳಿಗೆ ಅದೇ ಸರಿ.

ಕರಾವಳಿಯವರು ಮೌಸ್‌ನ ಮೈ ಮುಟ್ಟಿ ನೋಡಿ. ಮೃದುವಾದ ರಬ್ಬರ್ ಲೇಪನ ಸೆಕೆಗೆ, ಬೆವರಿಗೆ ಕಾಲಕ್ರಮೇಣ ಜಿಗುಟಾಗುತ್ತದೆ. ಬರಿಯ ಪ್ಲಾಸ್ಟಿಕ್ ಬಾಳುತ್ತದೆ. ಕೀಕ್ಯಾಪ್‌ಗಳಲ್ಲೂ ಪಿಬಿಟಿ ಪ್ಲಾಸ್ಟಿಕ್‌ನವು ಎಬಿಎಸ್ ಪ್ಲಾಸ್ಟಿಕ್‌ನವುಗಳಷ್ಟು ಬೇಗ ಸವೆದು ಹೊಳಪೇರುವುದಿಲ್ಲ.

ವಾಪಸಾತಿಯ ಅವಧಿ ಮುಗಿಯುವ ಮುನ್ನ ಮೌಸ್‌ನ ಕ್ಲಿಕ್ಕನ್ನೊಮ್ಮೆ ಪರೀಕ್ಷಿಸಿ. ಡೆಸ್ಕ್‌ಟಾಪಿನ ಫೋಲ್ಡರನ್ನು ಒತ್ತಿಹಿಡಿದು ಸುತ್ತ ಎಳೆಯಿರಿ. ನಡುವೆ ಕೈಜಾರಿ ಬಿದ್ದರೆ, ಅಥವಾ ಒಂದೇ ಕ್ಲಿಕ್‌ಗೆ ತೆರೆದುಕೊಂಡರೆ, ಒಳಗಿನ ಸ್ವಿಚ್‌ನಲ್ಲಿ ದೋಷವಿದೆ. ಒಂದೆರಡು ವರ್ಷದ ಬಳಕೆಯ ಮೇಲೆ ಮೌಸ್‌ಗಳು ಹೆಚ್ಚಾಗಿ ಕೆಡುವುದೂ ಇಲ್ಲಿಯೇ. ಹಾಗಾಗಿ ಜಿಎಸ್‌ಟಿ ಬಿಲ್ ಪಡೆದು, ಅದರ ಮೇಲಿನ ಸೀರಿಯಲ್ ಸಂಖ್ಯೆ ಮೌಸ್‌ನ ಅಡಿಯಲ್ಲಿರುವುದಕ್ಕೆ ತಾಳೆಯಾಗುತ್ತದೆಯೇ ಎಂದು ಅಂಗಡಿಯಲ್ಲೇ ನೋಡಿಕೊಳ್ಳಿ. ವಾರಂಟಿಗೆ ಕಳಿಸುವಾಗ ಮೊದಲು ಕೇಳುವುದು ಅದನ್ನೇ.