ಅಕ್ಟೋಬರ್ 21: ಪೊಲೀಸ್ ಹುತಾತ್ಮರ ದಿನ

1959ರ ಅಕ್ಟೋಬರ್ 21. ಲಡಾಖ್‌ನ ಹಾಟ್ ಸ್ಪ್ರಿಂಗ್ಸ್ ಬಳಿ, ಕಾಣೆಯಾದ ಸಂಗಡಿಗರನ್ನು ಹುಡುಕುತ್ತಾ ಹೊರಟಿದ್ದ ಕರಮ್ ಸಿಂಗ್ ನೇತೃತ್ವದ ಪೊಲೀಸ್ ತಂಡದ ಮೇಲೆ ಚೀನಾ ಸೈನಿಕರು ಗುಡ್ಡದ ಮೇಲಿಂದ ಗುಂಡಿನ ಮಳೆಗರೆದರು. 10 ಮಂದಿ ಪೊಲೀಸರು ಪ್ರಾಣತೆತ್ತರು. ಅವರ ಪಾರ್ಥಿವ ಶರೀರಗಳನ್ನು ಚೀನಾ ಒಪ್ಪಿಸಿದ್ದು ನವೆಂಬರ್ 13ರಂದು.

1960ರ ಜನವರಿಯಲ್ಲಿ ನಡೆದ ಪೊಲೀಸ್ ಮಹಾನಿರೀಕ್ಷಕರ ಸಮ್ಮೇಳನ, ಪ್ರತಿ ವರ್ಷ ಅಕ್ಟೋಬರ್ 21ರ ದಿನವನ್ನು ಹುತಾತ್ಮರಿಗೆ ಮೀಸಲಿಡಲು ತೀರ್ಮಾನಿಸಿತು. ಆ ದಿನ ಕರ್ನಾಟಕ ಸೇರಿದಂತೆ ದೇಶದೆಲ್ಲೆಡೆ ಸ್ಮಾರಕಗಳಿಗೆ ಹೂಗುಚ್ಛವಿರಿಸಿ, ಬಂದೂಕಿನ ನಳಿಕೆಯನ್ನು ಕೆಳಮುಖ ಮಾಡಿ ಗೌರವ ಸಲ್ಲಿಸಲಾಗುತ್ತದೆ.

ನವದೆಹಲಿಯ ಚಾಣಕ್ಯಪುರಿಯಲ್ಲಿರುವ ರಾಷ್ಟ್ರೀಯ ಪೊಲೀಸ್ ಸ್ಮಾರಕ 2018ರ ಅಕ್ಟೋಬರ್ 21ರಂದು ಉದ್ಘಾಟನೆಗೊಂಡಿತು. 30 ಅಡಿ ಎತ್ತರದ ಗ್ರಾನೈಟ್ ಏಕಶಿಲೆ ಇದರ ಕೇಂದ್ರ. 'ಶೌರ್ಯದ ಗೋಡೆ'ಯಲ್ಲಿ ಸ್ವಾತಂತ್ರ್ಯಾನಂತರ ಕರ್ತವ್ಯದಲ್ಲಿ ಮಡಿದವರ ಹೆಸರುಗಳನ್ನು ಕೆತ್ತಲಾಗಿದೆ.

ನೆನಪಿಡಿ: ಕರ್ನಾಟಕದ ಪೊಲೀಸ್ ಧ್ವಜ ದಿನ ಬೇರೆ, ಅದು ಏಪ್ರಿಲ್ 2.